ಮೂರನೇ ರಾತ್ರಿಯ ಟ್ರಿಪ್

ಎರಡೂ ಕೈ ಮುಂದ ಚಾಚ್ರಿ, ಬೆರಳು ಅಗಲಸ್ರಿ ಅಂದೆ.
ಕಿಡಕಿ ಸಂದ್ಯಾಗ ಸಿಕ್ಕ ಟಿಕೀಟಿನ್ಹಂಗ ಬಡಕೊಂಡುವು.
ನಡುಕಕ್ಕ ಆರು, ಬೆವರಿಗೆ ಐದು,
ಚಾರ್ಟಿನ್ಯಾಗ ಬರದು ಕೇಳಿದೆ:
ಮೈಮ್ಯಾಲೆ ಏನರ ಹರದಾಡಿಧಂಗ ಆಗತೈತೇನ್ರಿ, ಈರಬಸಪ್ಪನವರ?
"ಮೊದಲ ನೀವು ಒಳಗ ಸರೀರಿ.
ಬಾಗಲದಾಗ ನಿಂದರಬ್ಯಾಡ್ರಿ."

ಕಾಲು ಮುರಕೊಂಡು ಬಂದವರು.
ಕುಡೀತಾರೇನ್ರಿ ಅಂದ್ರ ಸಾವಂತ್ರವ್ವ
ಎರಡು ಬೆರಳಿನ ನಡುವ ಒಂದೀಟು ಜಾಗಾ ತೋರಿಸಿದ್ದಳು.
ಮರುದಿನ ವರಾಂಡಾದಾಗ, ಸೆರಗು ಬಾಯಿಗೆ ಹಿಡದು:
"ದಿನಾ ರೀ. ಹೊತ್ತು ಹುಟ್ಟೂದರಾಗ."

ಗ್ಲೂಕೋಸಿಗಿಂತ ಮೊದಲ ಥಯಮಿನ್.
ಲೈಟ್ ಆರಸಬ್ಯಾಡ ಅಂತ ಆಯಾಗ ಹೇಳೇನಿ,
ಕತ್ತಲದಾಗ ಸಲೈನಿನ ಕಂಬ
ಟಿಕೀಟ್ ತಗೀಸದ ಮನಷ್ಯಾ ಆಗತೈತಿ.

ರಾತ್ರಿ ಎರಡಕ್ಕ ಬಸ್ಸು ಬಿಟ್ಟಿತು.
"ನವಲೂರ, ಸತ್ತೂರ, ರಾಯಾಪುರ! ಯಾರ್ರೀ ಟಿಕೀಟ್?"
ಹಾಸಗಿಯ ಎಳಿ ಒಂದೊಂದ ಕಿತ್ತು
ಮಗ್ಗಲ ಕಾಟಿಗೆ ಹಂಚಿದ್ರು.
ಹನ್ನೆರಡನೇ ಬೆಡ್ಡಿನ ದಮ್ಮಿನ ಅಜ್ಜ
ಒಂದು ಮಾತಾಡಲಿಲ್ಲ,
ತನ್ನ ಎಳಿ ಇಸಗೊಂಡು
ಟೊಪಗಿ ಮಡಿಕಿನ್ಯಾಗ ಇಟಗೊಂಡ.

ಕಲಿಸಿದವರು ಹೇಳಿದ್ರು:
ಇಲ್ಲದ್ದನ್ನ ಐತಿ ಅನಬ್ಯಾಡ್ರಿ,
ಇಲ್ಲಂತ ಜಗಳಾನೂ ತಗೀಬ್ಯಾಡ್ರಿ.
ಮತ್ತ ಮತ್ತ ಅಷ್ಟ ಹೇಳಿದೆ:
ಇದು ದವಾಖಾನಿ. ವಿದ್ಯಾನಗರ.
ನಾನು ಸಿಸ್ಟರ್ ದಯಾಮಣಿ. ಇವತ್ತ ಬುಧವಾರ.
"ವಿದ್ಯಾನಗರ ನಿಂದ್ರೂದುಲ್ರಿ, ಇದು ಎಕ್ಸ್‌ಪ್ರೆಸ್!"

ಪ್ಲಾಸ್ಟರ್ ಹಾಕಿದ ಕಾಲು ಕೆಳಗಿಡಾಕ ಹೊಂಟಾಗ
ಕೈ ಕಟ್ಟೂಣೇನು ಅಂದ್ರು ಡ್ಯೂಟಿ ಡಾಕ್ಟರು.
ಸುಜಿ ಈಗ ಹೋಗೇತಿ, ಅರ್ಧಾ ತಾಸು ತಡೀರಿ ಅಂದು
ಸ್ಟೂಲ್ ಎಳಕೊಂಡು ಮಣಿಕಟ್ಟು ಹಿಡದು ಕುಂತೆ.
ನೂರಾ ಹದಿನೆಂಟು.
ಅವರು ನನ್ನ ಕೈಯಾಗ ಚಿಲ್ಲರ ಎಣಿಸಿದ್ರು,
ಇಲ್ಲದ ರೂಪಾಯಿ, ಇಲ್ಲದ ಎಂಟಾಣೆ,
ಲೆಕ್ಕಾ ಮಾತ್ರ ತಪ್ಪಲಿಲ್ಲ.

ಕಲಿಯೂ ಮುಂದ ಒಮ್ಮೆ ಪಾಸ್ ಮುಗದಿತ್ತು,
ಉಣಕಲ್ ಕೆರಿ ಹತ್ರ ಇಳಸಿದ್ದ ಒಬ್ಬಾಂವ ಕಂಡಕ್ಟರ್.
ಇವರss ಇರಬೇಕು.
ಖಾತ್ರಿ ಇಲ್ಲ. ಖಾಕಿಯೊಳಗ ಎಲ್ಲಾರೂ ಒಂದ ಥರಾ.

ಶುಕ್ರವಾರ ನಸುಕಿನ್ಯಾಗ ನೀರು ಕೇಳಿದ್ರು.
ಲೋಟಾ ತಾವ ಹಿಡದ್ರು, ಅರ್ಧಾ ಎದಿಮ್ಯಾಲೆ ಚೆಲ್ಲಿತು.
ಕಿಡಕಿ ಹೊರಗ ನೋಡಿ, ಸಣ್ಣ ದನಿಲೆ:
"ಇದು ವಿದ್ಯಾನಗರ ಅಲ್ಲೇನ್ರಿ?"
ಹೌದ್ರಿ.
"ನಮ್ಮಾಕಿ ಎಲ್ಲ್ಯದಾಳು?"
ಕಾಟಿನ ಕೆಳಗ ಮಲಗಿದ್ದಳು ಸಾವಂತ್ರವ್ವ. ಎಬ್ಬಸಲಿಲ್ಲ.
ನಡುಕಕ್ಕ ಎರಡು ಅಂತ ಬರದೆ.

ಡ್ಯೂಟಿ ಮುಗಿಸಿ ಬಸ್ ಹತ್ತಿದೆ.
ಎಲ್ಲಿಗ್ರೀ ಅಂದ ಹುಡುಗ ಕಂಡಕ್ಟರ್.
ಅಂವ ಚಿಲ್ಲರ ಕೊಟ್ಟಾಗ
ಮಾರಿ ನೋಡಲಿಲ್ಲ, ಬೆರಳು ನೋಡಿದೆ.