ಹೊಲಿಗೆ ಸಂದಿ

ಮೊದಲು ಸೊಳ್ಳೆ ಅಂದೆವು.
ಚರಂಡಿ ಬಾಗಿಲ ಮುಂದೆಯೇ ಇದೆಯಲ್ಲ, ಬೈಯಲು ಸುಲಭ.
ಆಮೇಲೆ ಬದನೆಕಾಯಿ ನಂಜು ಅಂದಳು ಅತ್ತೆ.
ಎಂಟು ದಿನ ಬದನೆಕಾಯಿ ಬಿಟ್ಟೆವು.
ಮಗಳ ಮೊಣಕೈ ಕೆಳಗೆ ಮೂರು ಗುಳ್ಳೆ,
ಒಂದೇ ಗೆರೆಯಲ್ಲಿ,
ಕಾಜಾ ಹಾಕುವ ಮುಂಚೆ ಸೀಮೆಸುಣ್ಣದಲ್ಲಿ
ನಾನು ಗುರುತು ಮಾಡುತ್ತೇನಲ್ಲ, ಹಾಗೆ
ಅಳತೆಯಿಟ್ಟು.

ಸೊಳ್ಳೆಗೆ ಇಷ್ಟು ಶಿಸ್ತಿಲ್ಲ.

ಚಾದರ ತಿರುವಿದೆ. ಮಗ್ಗುಲು ಹೊರಳಿದಲ್ಲೆಲ್ಲ
ತುಕ್ಕು ಬಣ್ಣದ ಚುಕ್ಕೆ.
ದಿಂಬಿನ ಅಂಚಿಗೆ ಪೆನ್ನಿನ ಮಸಿ ತಾಗಿದಂಥ ಕಪ್ಪು;
ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಂದಾಗಿ ಹರಡಿತು,
ಮಸಿಯಲ್ಲ.
ಮಂಚದ ಕೀಲಿಗೆ ಮೂಗಿಟ್ಟೆ:
ಶನಿವಾರ ತಂದು ಗುರುವಾರದವರೆಗೆ
ಚೀಲದಲ್ಲೇ ಮರೆತ ಕೊತ್ತಂಬರಿ.

ಯಾರು ತಂದರು, ಲೆಕ್ಕ ಶುರುವಾಯಿತು.
ಹರಿಹರದಿಂದ ಬಂದು ಒಂದು ರಾತ್ರಿ ಮಲಗಿ ಹೋದ ಮೈದುನನೋ,
ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಮಂಚವೋ,
ಹೊಲಿಯಲೆಂದು ನಾನೇ ಮನೆಗೆ ತಂದ
ಯಾರದೋ ಕಿಟಕಿಯ ಪರದೆಯೋ.
ಗಂಡ ಮೊದಲೆರಡನ್ನು ಒಪ್ಪಲಿಲ್ಲ.
ಮೂರನೆಯದನ್ನು ಬಾಯಿಬಿಟ್ಟು ಹೇಳಲಿಲ್ಲ,
ಮಿಷನ್ನಿನ ಕಡೆ ನೋಡಿದ.

ಗಿರಾಕಿಗಳಿಗೆ ಗೊತ್ತಾದರೆ?
'ಹೊನ್ನೂರಮ್ಮನ ಹತ್ರ ಕೊಟ್ರ
ಜಂಪರಿನ ಜೊತಿ ಮರಿನೂ ಬರ್ತಾವ'
ಎನ್ನುವ ಬಾಯಿಗಳು ಬಾಷಾ ನಗರದಲ್ಲಿ ಕಡಿಮೆಯೇನಿಲ್ಲ.

ನಮ್ಮಪ್ಪ ಪಿಂಜಾರ. ಊರ ಹಾಸಿಗೆಗಳನ್ನೆಲ್ಲ ಬಿಚ್ಚಿ
ಹಿಂಜಿ ಕಟ್ಟಿಕೊಟ್ಟವನು. ಯಾರ ಮನೆ ಹತ್ತಿ
ಎಂಥದೆಂದು ಗೊತ್ತಿದ್ದೂ
ಸಾಯುವತನಕ ಒಂದು ಮಾತಾಡಲಿಲ್ಲ.
ನನಗೆ ಮಾತ್ರ ಹೇಳಿದ್ದ:
'ಹಗಲು ಹುಡುಕಬ್ಯಾಡ, ಹಗಲು ಅವು ಮರ್ಯಾದಸ್ಥರು.
ಮೂರು ಗಂಟಿಗೆ ಏಳು, ದೀಪ ಹಚ್ಚಬ್ಯಾಡ.
ಹೊಲಿಗಿ ಸಂದಿಗೆ ಬಾಯಿ ಇಟ್ಟು ಉಸುರು ಬಿಡು,
ಮಲಗಿದ ಮನುಷ್ಯಾರಂಗ, ನಿಧಾನಕ್ಕ.
ಆಮ್ಯಾಲೆ ಬ್ಯಾಟ್ರಿ.'

ಮೂರು ಗಂಟೆ. ಉಸಿರು ಬಿಟ್ಟೆ,
ನಿದ್ದೆ ಬಂದವಳ ಹಾಗೆ ನಟಿಸುತ್ತ.
ಬ್ಯಾಟರಿ ಒತ್ತಿದೆ.
ನಾನೇ ಹೊಲಿದ ಅಂಚು, ನಾನೇ ಬಿಗಿದ ದಾರ.
ಅದರ ಮಗ್ಗುಲಲ್ಲಿ ಗಸಗಸೆ ಕಾಳಿನಂಥ ಮೊಟ್ಟೆ,
ಈರುಳ್ಳಿಯ ಒಳಸಿಪ್ಪೆಯಂತೆ ಕಳಚಿಟ್ಟ ಚರ್ಮ,
ಮತ್ತೆ ಒಂದು,
ಮಸೂರ ಬೇಳೆಯಷ್ಟು,
ಹೊಟ್ಟೆ ತುಂಬ ನನ್ನ ಮಗಳು.

ಒದ್ದೆ ಸೋಪಿನ ಚೂರು ಒತ್ತಿದೆ, ಅಂಟಿತು.
ಹನ್ನೊಂದರವರೆಗೆ ಎಣಿಸಿ ಬಿಟ್ಟೆ.

ಬಚ್ಚಲಿಗೆ ಹೋಗಲು ಹೊರಗೆ ಬಂದರೆ
ವಠಾರ ಮಲಗಿರಲಿಲ್ಲ.
ರುದ್ರಕ್ಕನ ಬಾಗಿಲಡಿ ಬೆಳಕು, ನೆಲಕ್ಕೆ ಹತ್ತಿ
ಮಂಚದ ಕಾಲಿನಿಂದ ಕಾಲಿಗೆ ಹರಿದಾಡುವ ಬೆಳಕು.
ಮಂಡಕ್ಕಿ ಭಟ್ಟಿಯ ತಿಪ್ಪೇಶಿಯ ಕಿಟಕಿಯಲ್ಲೂ.
ಮೂಲೆಮನೆಯಿಂದ ಸೀಮೆಎಣ್ಣೆಯ ವಾಸನೆ.
ಆಗ ನೆನಪಾಯಿತು:
ಈ ಏಪ್ರಿಲ್ ಸೆಕೆಯಲ್ಲಿ ತಿಪ್ಪೇಶಿಯ ಹುಡುಗನಿಗೆ ತುಂಬುತೋಳಿನ ಅಂಗಿ,
ನಾನೇ ಹೊಲಿದುಕೊಟ್ಟಿದ್ದು.
'ಹಪ್ಪಳಕ್ಕ' ಎಂದು ರುದ್ರಕ್ಕ ಮಾಳಿಗೆಗೆ ಹೊತ್ತ ಹಾಸಿಗೆ.
ಮಂಚದ ಕಾಲಿಗೆ ನೀರಿನ ಬಟ್ಟಲಿಟ್ಟು
'ಇರುವಿ ಕಾಟ' ಎಂದ ಮೂಲೆಮನೆಯವಳು.
ಎಲ್ಲ ಕಣ್ಣೆದುರೇ ಇತ್ತು.

ರುದ್ರಕ್ಕನ ಬಾಗಿಲು ತೆರೆಯಿತು.
ಅವಳು ನನ್ನ ಕೈ ನೋಡಿದಳು, ನಾನು ಅವಳದು.
ಇಬ್ಬರ ಕೈಯಲ್ಲೂ ಸೋಪು.
ಬಹಳ ಹೊತ್ತು ಬಿಟ್ಟು ಅಂದಳು:
'ಕೆಂಪು ಸೋಪು ಚಲೋ ಹಿಡಿತೈತಿ ನೋಡು.
ಬಿಳೇದು ಜಾರತೈತಿ.'

ಬೆಳಿಗ್ಗೆ ಅಂಗಳದಲ್ಲಿ ಏಳು ಮಂಚ.
ಭಟ್ಟಿಯ ಮರಳು ಒಂದು ಡಬ್ಬಿ ಸುಡುಸುಡು ತಂದು
ಮಂಚದ ಬಿರುಕುಗಳಿಗೆ ಸುರಿದ ತಿಪ್ಪೇಶಿ;
ಸಿಡಿಯುವ ಸದ್ದು ಕೇಳಿ ಮಕ್ಕಳು ನಕ್ಕರು.

ಬಾಡಿಗೆಗೆ ಬಂದ ಮಾಲೀಕ ಹೊಸ್ತಿಲಲ್ಲೇ ನಿಂತ.
'ಯಾರ ಮನ್ಯಾಗ ಶುರುವಾತು ಮೊದ್ಲು?'

ನನ್ನ ಗಂಡನೂ ಸೇರಿ
ಯಾರೂ ಯಾವ ಕಡೆಯೂ ನೋಡಲಿಲ್ಲ.