ಪಟ್ಟಿ

ಹಗರೆಯಲ್ಲಿ ಬಸ್ಸಿಳಿದು ಒಂದೂವರೆ ಮೈಲಿ ನಡಿಗೆ.
ಚೀಲದಲ್ಲಿ ನಲವತ್ತು ನಮೂನೆ, ತೂಕದ ಯಂತ್ರ,
ಮಕ್ಕಳ ತೋಳಿಗೆ ಸುತ್ತುವ ಮೂರು ಬಣ್ಣದ ಪಟ್ಟಿ:
ಹಸಿರಾದರೆ ಸರಿ, ಹಳದಿಯಾದರೆ ಎಚ್ಚರ,
ಕೆಂಪಾದರೆ ಹಾಸನದ ಆಸ್ಪತ್ರೆ.

ಹಕ್ಕಿಪಿಕ್ಕಿ ಕಾಲೊನಿಯ ಅಂಗನವಾಡಿ ಬಾಗಿಲಿಗೆ ಅಡ್ಡ
ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು ಬಿಜಲಿ ಅಜ್ಜಿ.
‘ಯಾವ ಕಡೆಯೋಳು?’
ಯೂನಿವರ್ಸಿಟಿ ಎಂದೆ.
‘ನಾನು ಇವಳಷ್ಟಿದ್ದಾಗ್ಲೂ ಬಂದಿದ್ರು ನಿಮ್ಮೋರು.
ಕಬ್ಬಿಣದ ಇಕ್ಕಳ ಹಿಡ್ದು ತಲೆ ಅಳೆದ್ರು, ಮೂಗು ಅಳೆದ್ರು,
ಪೆಪ್ಪರಮೆಂಟು ಕೊಟ್ರು.
ಎಷ್ಟಿತ್ತು ನನ್ ತಲೆ?
ಅದೊಂದು ಹೇಳ್ದೆ ಹೋದ್ರು.’

ನನಗೇನು ಗೊತ್ತು.
ಯಾವುದೋ ಕಪಾಟಿನಲ್ಲಿ
ಹೆಸರು ಕಳಚಿದ ಅಂಕಿಯಾಗಿ ಇದ್ದೀತು ಇನ್ನೂ.

‘ಮೊದ್ಲು ನಿಂದು ಅಳಿ.’
ತೋಳೇರಿಸಿ ಸುತ್ತಿಕೊಂಡೆ. ಪಟ್ಟಿ ಸಾಲಲಿಲ್ಲ.
ನಕ್ಕವು ಮಕ್ಕಳು, ಅಜ್ಜಿಯೂ,
ಬಾಗಿಲಿಂದ ಒಂದು ಗೇಣು ಸರಿದಳು.

ರಸೀದಿ ಬಂದಳು,
ಜಮೀನಿನ ರಸೀದಿ ಕೈಗೆ ಸಿಕ್ಕ ದಿನ ಹುಟ್ಟಿದವಳು.
ಅಪ್ಪ ಅಮ್ಮ ಎಣ್ಣೆ ಮಾರಲು ಸೂರತ್ತಿಗೆ ಹೋಗಿ ನಾಕು ತಿಂಗಳು.
ತೋಳು ಹಳದಿ.
ಹಡಗಿನ ಚಿತ್ರ ತೋರಿಸಿದೆ: ಮೌನ.
ಲಿಫ್ಟಿನ ಚಿತ್ರಕ್ಕೂ ಮೌನ.
‘ಮಾತು ತಡ’ ಎಂಬ ಚೌಕಕ್ಕೆ ಪೆನ್ನು ಹೋಯಿತು.
‘ತಡ ಅವಳ ಬಾಯಲ್ಲ ತಾಯಿ, ನಿನ್ ಕಿವಿ.’

ಮುಂದಿನ ವಾರ ಪ್ರೊಫೆಸರ್ ಕುಸುಮಾಕ್ಷಿ
ಹುಣಿಸೆಮರದ ಕೆಳಗೆ ಕಾಲು ಮಡಚಿ ಕೂತರು.
ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಮಾತು, ಒಂದಿಷ್ಟು ಜಗಳ.
ಬರೆದದ್ದೆಲ್ಲ ಎರಡು ಪ್ರತಿ; ಒಂದು ಕಾಲೊನಿಯ ಟ್ರಂಕಿಗೆ.
ಹಡಗು ಬೇಡ, ಬಲೆ ಇರಲಿ, ಕಂಬಾರನ ತಿದಿ ಇರಲಿ.
ವಾಗ್ರಿ ಮಾತಾಡುವ ಒಬ್ಬಳು ಮಕ್ಕಳ ಜೊತೆ ದಿನವೂ ಇರಲಿ,
ಅವಳಿಗೆ ಸಂಬಳ ಇರಲಿ.
ಸಂಬಳಕ್ಕೆ ಮಾತ್ರ
‘ಮೇಲೆ ಕೇಳಬೇಕು’ ಎಂದರು ಕುಸುಮಾಕ್ಷಿ, ತಲೆ ತಗ್ಗಿಸಿ.
ಇನ್ನೂ ಕೇಳುತ್ತಿದ್ದಾರೆ.

ಆ ಸಂಜೆ ಬೇಲಿಯಾಚೆ ಏನೋ ಕೂಗಿತು.
ರಸೀದಿ ತಲೆಯೆತ್ತಿ ಅದರ ಹೆಸರು ಹೇಳಿದಳು,
ಅದರ ಹೆಣ್ಣಿನ ಹೆಸರು ಬೇರೆ,
ಆಮೇಲೆ ಅದರ ಹಾಗೆಯೇ ಕೂಗಿ ಕರೆದಳು.
ನಾನು ಪೆನ್ನು ತೆಗೆದೆ. ಅಜ್ಜಿ ನನ್ನ ನೋಡಿದಳು.
‘ಬರೀಲಾ?’ ಎಂದೆ.
‘ಅವರಪ್ಪ ಬರ್ಲಿ, ಕೇಳಿ ಹೇಳ್ತೀನಿ.’
ಅದಕ್ಕೇ ಆ ಪದ ಈ ಪದ್ಯದಲ್ಲಿಲ್ಲ.

ಅಜ್ಜಿಗೆ ಓದು ಬಾರದು, ಬಣ್ಣ ಬರುತ್ತದೆ.
ರಿಜಿಸ್ಟರಿನಲ್ಲಿ ಒಂದೊಂದು ಮಗುವಿನ ಹಾಳೆಗೂ ತೂತು ಮಾಡಿ
ಆಯಾ ತಿಂಗಳ ದಾರ ಕಟ್ಟುತ್ತಾಳೆ.
ರಸೀದಿಯದು ಹಳದಿ, ಹಳದಿ, ಹಳದಿ.
ಈ ಸಲ ಅಳೆದಾಗ ಹಸಿರಿಗೆ ಒಂದೇ ಗೆರೆ ಬಾಕಿ.
ನಾನು ಹಳದಿ ಎಂದು ಬರೆದೆ.
ಅಜ್ಜಿ ಎರಡು ದಾರ ಹೊಸೆದಳು.