ನಲವತ್ತೊಂದರ ಚೀಟಿ

ಸಲ್ಮಾಬಾದಿನ ಗ್ಯಾರೇಜುಗಳ ಸಾಲಿನಲ್ಲಿ
ನನ್ನದು ಲಾಂಡ್ರಿ. ಹಗಲು ಬಟ್ಟೆ ಎಣಿಸುತ್ತೇನೆ.
ರಾತ್ರಿ ಹತ್ತರ ಮೇಲೆ, ಹಿಂದಿನ ಕೋಣೆಯಲ್ಲಿ,
ಉಸಿರು.

ಎರಡು ಮಂಚ, ಒಂದು ಸ್ಟೂಲು, ಜಗ್ಗಿನಲ್ಲಿ ನೀರು,
ಸೂಜಿ ಹಾಕಲು ಖಾಲಿ ತುಪ್ಪದ ಡಬ್ಬಿ.
ಮಾಲು ನಾನು ಮಾರುವುದಿಲ್ಲ, ಮುಟ್ಟುವುದಿಲ್ಲ,
ಬಿಡು ಎಂದು ಬುದ್ಧಿ ಹೇಳುವುದೂ ಇಲ್ಲ.
ಹೇಗೂ ಚುಚ್ಚಿಕೊಳ್ಳುವವರು
ಒಬ್ಬರೇ ಚುಚ್ಚಿಕೊಳ್ಳದಿರಲಿ. ಅಷ್ಟೇ ನನ್ನ ಕಾನೂನು.
ಈ ದೇಶದ್ದು ಬೇರೆ. ಅದು ನನಗೂ ಗೊತ್ತು,
ನನ್ನ ಪಾಸ್‌ಪೋರ್ಟಿಗೂ ಗೊತ್ತು.

ಕಲಿಸಿದವಳು ಶಿರ್ವದ ಆಪ್ಲಿನ್ ಸಿಸ್ಟರ್,
ಡ್ಯೂಟಿ ಮುಗಿಸಿ, ಊದಿದ ಕಾಲೆಳೆದುಕೊಂಡು ಬರುವವಳು:
"ನಿಮಿಷಕ್ಕೆ ಹನ್ನೆರಡಿದ್ದರೆ ಬೀಡಿ ಸೇದು, ಬ್ಯಾರಿ.
ಎಂಟಕ್ಕಿಳಿದರೆ ಅಂಗಾಲಿಗೆ ಹೊಡಿ, ಹೆಸರು ಕೂಗು.
ತುಟಿ ನೀಲಿಯಾದರೆ ಈ ಬಾಟಲಿ ಮೂಗಿಗೆ,
ಕೂಡಲೇ ನನಗೆ ಫೋನು."

ಹೆಸರು? ನನ್ನಲ್ಲಿ ಯಾರಿಗೂ ಹೆಸರಿಲ್ಲ.
ಪುಸ್ತಕದಲ್ಲಿ ನಂಬರು: ಹದಿನೇಳು, ಅಂಗಿ ಒಂದು.
ಇಪ್ಪತ್ತಾರು, ಲುಂಗಿ ಎರಡು.
ಪೊಲೀಸರು ಕೇಳಿದರೆ ತೋರಿಸಲು ಒಳ್ಳೆಯದೇ.
ಆದರೆ ಆ ನೇಪಾಳಿ ಹುಡುಗ ಮುಳುಗಿದ ರಾತ್ರಿ
"ಹದಿನೇಳು, ಏ ಹದಿನೇಳು" ಎಂದು ಎಷ್ಟು ಬಡಿದರೂ
ಕಣ್ಣು ತೆರೆಯಲಿಲ್ಲ. ಬಾಟಲಿ ಖಾಲಿಯಾದ ಮೇಲೆ
ಹೇಗೋ ಎದ್ದು, ವಾಂತಿ ಮಾಡಿ, ನನ್ನನ್ನೇ ಬೈದ.
ನಂಬರು ಕೂಗಿದರೆ ಯಾರೂ ತಿರುಗಿ ಬರುವುದಿಲ್ಲ.
ಅಂದಿನಿಂದ ಒಳಗೆ ಬಂದವರಿಗೆ ಒಂದೇ ಪ್ರಶ್ನೆ:
ಅಮ್ಮ ಏನಂತ ಕರೆಯುತ್ತಿದ್ದಳು?
ಕಾಂಛಾ. ಖೋಕನ್. ಕುಟ್ಟಾಪಿ.
ಬರೆದಿಡುವುದಿಲ್ಲ, ಬಾಯಿಪಾಠ.

ನಲವತ್ತೊಂದು ಇಲ್ಲಿಯವನೇ, ಹಳೆಯ ಕಾರಿನ ಹುಡುಗ.
ಹೇಳಲು ನಾಚಿದ. ಗೋಡೆಯ ಕಡೆ ತಿರುಗಿ,
"ಅಬ್ಬೂದಿ."

ಬಾಡಿಗೆ ತೊಂಬತ್ತು ದಿನಾರು.
ಇಸ್ತ್ರಿಯಲ್ಲಿ ಹುಟ್ಟುವುದಿಲ್ಲ. ಸಿಸ್ಟರ್ ಮೂವತ್ತು ಕೊಡುತ್ತಾಳೆ.
ಕೆಲವು ಜೇಬುಗಳಲ್ಲಿ ಮರೆತಂತೆ ಮಡಚಿದ ನೋಟು;
ಯಾರದೆಂದು ಕೇಳುವುದಿಲ್ಲ, ಒಗೆಯುವುದೂ ಇಲ್ಲ.

ರಜಬ್ ತಿಂಗಳಲ್ಲಿ ಪಕ್ಕದ ಬೀದಿಗೆ ರೈಡ್ ಬಂತು.
ಹೆದರಿದೆ. ಎರಡು ರಾತ್ರಿ ಚಿಲಕ ಹಾಕಿ ಮಲಗಿದೆ.
ಎರಡನೆಯ ರಾತ್ರಿ ಯಾರೋ ಬಡಿದರು,
ಮೆಲ್ಲಗೆ, ಮೂರು ಸಲ.
ಕತ್ತಲಲ್ಲಿ ನನ್ನದೇ ಉಸಿರು ಎಣಿಸಿದೆ.
ಇಪ್ಪತ್ತೆಂಟು.

ಕಾರು ಸಮುದ್ರದ ಕಡೆ ಮುಖ ಮಾಡಿ ನಿಂತಿತ್ತಂತೆ.
ಏಸಿ ಓಡುತ್ತಲೇ ಇತ್ತಂತೆ.

ಮೂರನೆಯ ರಾತ್ರಿ ಚಿಲಕ ಕಿತ್ತು ಬಿಸಾಡಿದೆ.
ಸ್ಕ್ರೂ ಇದ್ದ ತೂತುಗಳು ಹಾಗೇ ಇವೆ.

ವಾರದ ಮೇಲೆ ಅಬಾಯಾದ ಹೆಂಗಸೊಬ್ಬಳು
ಕೌಂಟರಿನ ಮೇಲೆ ಚೀಟಿ ಇಟ್ಟಳು. ನಲವತ್ತೊಂದು.
ಬಿಳಿ ತೋಬು, ಕಾಲರಿಗೆ ಗಂಜಿ ಹಾಕಿ ಮಡಚಿಟ್ಟಿದ್ದೆ.
ಎತ್ತಿ ಕೊಡುವಾಗ ಬಾಯಿ ಜಾರಿತು:
"ಅಬ್ಬೂದಿಯದ್ದಲ್ಲವೇ?"

ಅವಳು ತಲೆಯೆತ್ತಿದಳು.
ಬಟ್ಟೆ ಒಗೆಯುವವನಿಗೆ ಆ ಹೆಸರು
ಎಲ್ಲಿಂದ ಸಿಕ್ಕಿತೆಂದು ಕೇಳಲಿಲ್ಲ.
ಮುನ್ನೂರು ಫಿಲ್ಸ್ ಎಣಿಸಿ ಇಟ್ಟಳು.
ಹೋಗಲಿಲ್ಲ. ನಿಂತೇ ಇದ್ದಳು,
ಇನ್ನೊಮ್ಮೆ ಕರೆಯುತ್ತೇನೇನೋ ಎಂಬಂತೆ.